ಬುಡದಲ್ಲಿ ಗುಂಗುರು, ತುದಿಯಲ್ಲಿ ನೇರ

ಪಾರ್ಲರ್‌ಗೆ ಹೋಗಿ ಕೂದಲು ನೇರ ಮಾಡುವ ಸ್ಮೂದನಿಂಗ್‌ಗೆ ಎಷ್ಟಾಗುತ್ತೆ ಅಂತ ಕೇಳಿದರೆ ಮೊದಲು ತಿರುಗಿ ನಿಲ್ಲಲು ಹೇಳುತ್ತಾರೆ. ಕೂದಲು ಭುಜದವರೆಗೆ ಇದ್ದರೆ ಒಂದು ರೇಟು, ಬೆನ್ನಿನ ನಡುವಿಗೆ ಬಂದರೆ ಇನ್ನೊಂದು, ಸೊಂಟ ಮುಟ್ಟಿದರೆ ಮತ್ತೊಂದು. ನನ್ನದು ಸೊಂಟ ಮುಟ್ಟುತ್ತಿತ್ತು. ವರ್ಷಕ್ಕೆ ಏಳೆಂಟು ಸಾವಿರ ಅದಕ್ಕೇ ಅಂತ ಎತ್ತಿಡುತ್ತಿದ್ದೆ. ಬುಡದ ಕೂದಲು ಬೆಳೆದು ಸುತ್ತಿಕೊಳ್ಳಲು ಶುರುವಾದಾಗ ಟಚ್‌ಅಪ್. ಅದಕ್ಕೆ ಬೇರೆ ದುಡ್ಡು.

ನನ್ನದು ಹುಟ್ಟಿನಿಂದ ಗುಂಗುರು ಕೂದಲು. ಎಷ್ಟೋ ವರ್ಷ ನೇರ ಮಾಡಿಸಿಕೊಂಡು ಓಡಾಡಿ, ಆಮೇಲೆ ಅದನ್ನು ಬಿಟ್ಟು ನನ್ನ ಕೂದಲಿಗೆ ವಾಪಸ್ ಬಂದೆ. ಅದರ ಬಗ್ಗೆ ಈ ಬರಹ. ಈ ದಾರಿಯಲ್ಲಿ ನನಗೆ ಕಷ್ಟ ಕೊಟ್ಟಿದ್ದು ಕೂದಲಲ್ಲ. ನಡುವೆ ಕೆಲವು ಕಾಲ ಒಬ್ಬ ಹೆಂಗಸು ಗಿಡ್ಡ ಕೂದಲಲ್ಲಿ ಇರುವುದನ್ನು ಸುತ್ತಲಿನವರು ಒಪ್ಪಲೇ ಇಲ್ಲ. ಅದನ್ನು ಹೇಳಬೇಕು ಅನ್ನಿಸಿದೆ.

ನಾನು ಸಾಗರದ ಕಡೆಯವಳು. ನಾನು ಬೆಳೆಯುವಾಗ ಹೆಣ್ಣುಮಕ್ಕಳ ಕೂದಲಿಗೆ ಇದ್ದದ್ದು ಒಂದೇ ಅಳತೆ. ಜಡೆ ಸೊಂಟದಿಂದ ಕೆಳಗೆ ಇಳಿಯಬೇಕು. ಗುಂಗುರು ಕೂದಲಿನವರಿಗೆ ಇದು ಅನ್ಯಾಯ. ನಮ್ಮ ಕೂದಲೂ ಬೇರೆಯವರದರಂತೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆದರೆ ಸುತ್ತಿಕೊಂಡು ಮೇಲೇ ನಿಲ್ಲುತ್ತದೆ. ಒದ್ದೆ ಇದ್ದಾಗ ಬೆನ್ನಿಗೆ ಬರುವುದು ಒಣಗಿದ ಮೇಲೆ ಭುಜದ ಮೇಲೆ ಕೂತಿರುತ್ತದೆ. "ನಿನ್ನ ಮಗಳಿಗೆ ಕೂದಲೇ ಬೆಳೆಯಲ್ಲ ಅಲ್ವಾ" ಅಂತ ಅಮ್ಮನ ಹತ್ತಿರ ಹೇಳದ ನೆಂಟರಿಲ್ಲ. ಅಮ್ಮ ಎಣ್ಣೆ ಹಚ್ಚಿ, ಎಳೆದು ಬಿಗಿದು, ಎರಡು ಜಡೆ ಹೆಣೆದು, ರಿಬ್ಬನ್ ಹಾಕಿ ಮೇಲಕ್ಕೆ ಮಡಚಿ ಕಟ್ಟುತ್ತಿದ್ದಳು. ಶಾಲೆಯಲ್ಲಿ ಎಲ್ಲರಿಗೂ ಅದೇ ನಿಯಮ. ಸಂಜೆ ಬಿಚ್ಚಿದಾಗ ಬೈತಲೆಯ ಅಕ್ಕಪಕ್ಕ ಚುರುಚುರು ಉರಿಯುತ್ತಿತ್ತು.

ಆ ಕಾಲದ ಎಷ್ಟೋ ಹುಡುಗಿಯರಿಗೆ ಇರುವ ಹಾಗೆ ನನಗೂ ಮೊಗ್ಗಿನ ಜಡೆಯ ಫೋಟೋ ಒಂದಿದೆ. ಸ್ಟುಡಿಯೋದಲ್ಲಿ ಹಿಂದೆ ದೊಡ್ಡ ಕನ್ನಡಿ ಇಟ್ಟು, ಮುಖವೂ ಜಡೆಯೂ ಒಟ್ಟಿಗೆ ಬರುವಂತೆ ತೆಗೆದದ್ದು. ಕನ್ನಡಿಯಲ್ಲಿ ಕಾಣುವ ಜಡೆಯಲ್ಲಿ ಮುಕ್ಕಾಲು ಪಾಲು ಚವುರಿ, ತುದಿಗೆ ಕುಚ್ಚು. ಹಾಗೆ ಮಾಡುವುದು ರೂಢಿ, ತಪ್ಪೇನಿಲ್ಲ. ಆದರೆ ಆ ಫೋಟೋ ನೋಡಿದವರು ಇವತ್ತಿಗೂ "ಎಷ್ಟು ಉದ್ದ ಜಡೆ ಇತ್ತಲ್ಲ ನಿಂಗೆ" ಅನ್ನುತ್ತಾರೆ. ಆಗ ನನಗೆ ಅಂಥ ಜಡೆ ಇರಲೇ ಇಲ್ಲ.

ಆ ಸುಳ್ಳು ಕೂದಲಿನ ಮೂಲ ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಜೊತೆಗೆ ಕೆಲಸ ಮಾಡುತ್ತಿದ್ದ ಕೊಪ್ಪಳದ ಗೆಳತಿಯಿಂದ. ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿಟ್ಟುಕೊಂಡು, ಬೀದಿಯಲ್ಲಿ ಕೂಗುತ್ತಾ ಬರುವವರಿಗೆ ಕೊಟ್ಟು ಪಿನ್ನು, ಪಾತ್ರೆ ತೆಗೆದುಕೊಳ್ಳುವುದನ್ನು ನೀವೂ ನೋಡಿರಬಹುದು. ಆ ಉಂಡೆಗಳು ಹೋಗಿ ಸೇರುವ ಊರುಗಳಲ್ಲಿ ಕೊಪ್ಪಳದ ಪಕ್ಕದ ಭಾಗ್ಯನಗರವೂ ಒಂದು. ಅಲ್ಲಿ ಹೆಂಗಸರು ಗಂಟುಗಂಟಾದ ಕೂದಲನ್ನು ಬಿಡಿಸಿ, ತೊಳೆದು, ಒಣಗಿಸಿ, ಉದ್ದದ ಪ್ರಕಾರ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ವಿಗ್‌ಗೆ, ಎಕ್ಸ್‌ಟೆನ್ಷನ್‌ಗೆ ಅಂತ ಅದು ಹೊರದೇಶಕ್ಕೂ ಹೋಗುತ್ತದೆ. ಉದ್ದ ಜಾಸ್ತಿಯಾದಷ್ಟೂ ಬೆಲೆ ಜಾಸ್ತಿ. "ನಮ್ಮೂರಾಗ ಕೂದಲದ ಮಾತು ಬಂದ್ರ ಇಂಚಿನ ಲೆಕ್ಕನ" ಅಂದಿದ್ದಳು ಅವಳು. ಪಾರ್ಲರ್‌ನ ರೇಟು ಪಟ್ಟಿ ನೋಡಿದಾಗೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಡಿಗ್ರಿ ಮುಗಿಸಿ ಬೆಂಗಳೂರಿನ ಒಂದು ಕಂಪನಿಯ ಫ್ರಂಟ್ ಆಫೀಸ್‌ಗೆ ಸೇರಿದೆ. ಮೊದಲ ವಾರ ಗ್ರೂಮಿಂಗ್ ಬಗ್ಗೆ ತರಬೇತಿ. ಕೂದಲು ನೀಟಾಗಿರಬೇಕು ಅಂದರು. ನೇರ ಮಾಡಿಸಿ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪರದೆಯ ಮೇಲೆ ತೋರಿಸಿದ ಚಿತ್ರಗಳಲ್ಲಿ ಮಾತ್ರ ಪ್ರತಿಯೊಬ್ಬಳದೂ ಒಂದೇ ಕೂದಲು. ಬೆನ್ನಿನ ನಡುವಿನವರೆಗೆ ನೇರವಾಗಿ ಇಳಿದು, ತುದಿಯಲ್ಲಿ ಸ್ವಲ್ಪ ಲೇಯರ್. ಒಂದು ವರ್ಷ ಕಳೆಯುವಷ್ಟರಲ್ಲಿ ಡೆಸ್ಕ್‌ನಲ್ಲಿದ್ದ ನಾವೆಲ್ಲರೂ ಹಾಗೇ ಆಗಿದ್ದೆವು. ಹಿಂದಿನಿಂದ ನೋಡಿದವರು ಒಬ್ಬಳ ಹೆಸರು ಹಿಡಿದು ಇನ್ನೊಬ್ಬಳನ್ನು ಕರೆಯುತ್ತಿದ್ದರು.

ಕೂದಲು ನೇರ ಮಾಡುವ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಯಾಕೆಂದರೆ ದುಡ್ಡು ಕೊಡುವ ನಮಗೆ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕೂದಲಿನ ಪ್ರೋಟೀನ್‌ನಲ್ಲಿ ಗಂಧಕದ ಕೊಂಡಿಗಳಿವೆ. ಕೂದಲಿನ ಆಕಾರವನ್ನು ಹಿಡಿದಿಡುವುದು ಅವೇ. ಮೊದಲು ಹಚ್ಚುವ ಕ್ರೀಮು ಆ ಕೊಂಡಿಗಳನ್ನು ಮುರಿಯುತ್ತದೆ. ಮೂಗು ಮುಚ್ಚಿಕೊಳ್ಳುವಂಥ ವಾಸನೆ. ತೊಳೆದು ಒಣಗಿಸಿ, ಕಾದ ಐರನ್‌ನಲ್ಲಿ ಒಂದೊಂದೇ ಎಳೆಗೊಂಚಲನ್ನು ಒತ್ತಿ ನೇರ ಮಾಡುತ್ತಾರೆ. ಆಮೇಲೆ ಇನ್ನೊಂದು ಕ್ರೀಮು. ಅದು ಕೊಂಡಿಗಳನ್ನು ನೇರವಾದ ಆಕಾರದಲ್ಲೇ ಮತ್ತೆ ಕೂಡಿಸುತ್ತದೆ. ಉದ್ದ ಕೂದಲಾದರೆ ಐದಾರು ಗಂಟೆ ಕೂರಬೇಕು. ಮೂರು ದಿನ ತಲೆಗೆ ನೀರು ಸೋಕಿಸುವ ಹಾಗಿಲ್ಲ, ಕಟ್ಟುವ ಹಾಗಿಲ್ಲ, ಕಿವಿಯ ಹಿಂದೆ ಸಿಕ್ಕಿಸುವ ಹಾಗೂ ಇಲ್ಲ. ಇನ್ನು ಕೆರಟಿನ್ ಅಂತ ಮಾಡುವುದು ಬೇರೆ. ಅದರಲ್ಲಿ ಕೆಲವಕ್ಕೆ ಫಾರ್ಮಾಲ್ಡಿಹೈಡ್ ಇರುತ್ತದೆ. ಐರನ್ ಇಟ್ಟಾಗ ಏಳುವ ಹೊಗೆಗೆ ಕಣ್ಣುರಿ ಬರುವುದು ಅದರಿಂದಲೇ. ಅದು ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿ ಮಾಡಿದೆ. ಒಂದು ದಿನ ಹೋಗಿ ಬರುವ ನಮಗಿಂತ, ದಿನವಿಡೀ ಆ ಹೊಗೆಯಲ್ಲಿ ನಿಂತು ದುಡಿಯುವ ಪಾರ್ಲರ್ ಹುಡುಗಿಯರ ಬಗ್ಗೆ ನನಗೆ ಜಾಸ್ತಿ ಚಿಂತೆ. ಅವರಿಗೆ ಒಂದು ಒಳ್ಳೆಯ ಮಾಸ್ಕ್ ಕೊಟ್ಟಿದ್ದನ್ನೂ ನಾನು ನೋಡಲಿಲ್ಲ.

ಕೊನೆಗೆ ನಾನು ಸ್ಮೂದನಿಂಗ್ ನಿಲ್ಲಿಸುವ ಹಾಗೆ ಮಾಡಿದ್ದು ಡೆಂಗಿ. ಜ್ವರ ಬಿಟ್ಟು ಎರಡು ಮೂರು ತಿಂಗಳಾದ ಮೇಲೆ ಕೂದಲು ಕೈತುಂಬ ಬರಲು ಶುರುವಾಯಿತು. ದಿಂಬಿನ ಮೇಲೆ, ಬಚ್ಚಲಲ್ಲಿ, ಚಪಾತಿ ಹಿಟ್ಟಿನಲ್ಲಿ, ಎಲ್ಲೆಲ್ಲೂ ಕೂದಲು. ಚರ್ಮದ ಡಾಕ್ಟರು ನಿಧಾನವಾಗಿ ವಿವರಿಸಿದರು. ಜೋರು ಜ್ವರ, ಹೆರಿಗೆ, ದೊಡ್ಡ ಆಪರೇಷನ್, ಇಂಥದ್ದಾದಾಗ ತುಂಬಾ ಕೂದಲು ಒಟ್ಟೊಟ್ಟಿಗೆ ಬೆಳೆಯುವುದನ್ನು ನಿಲ್ಲಿಸುತ್ತದೆ, ಕೆಲವು ತಿಂಗಳ ನಂತರ ಒಟ್ಟಿಗೇ ಉದುರುತ್ತದೆ, ಬುಡ ಸತ್ತಿಲ್ಲ, ಮತ್ತೆ ಬರುತ್ತದೆ ಅಂದರು. ಬರುವವರೆಗೂ ಯಾವ ಕೆಮಿಕಲ್ಲೂ ಬೇಡ ಅಂದರು.

ಬಂತು. ಹಣೆಯ ಅಂಚಿನಲ್ಲಿ, ಕಿವಿಯ ಮೇಲೆ, ಸಣ್ಣ ಸಣ್ಣ ಸುರುಳಿಗಳು. ಬೆರಳಲ್ಲಿ ಎಳೆದು ಬಿಟ್ಟರೆ ಮತ್ತೆ ಹೋಗಿ ಸುತ್ತಿಕೊಳ್ಳುತ್ತಿದ್ದವು. ಕನ್ನಡಿಯ ಮುಂದೆ ನಿಂತು ಅದನ್ನೇ ಮಾಡುತ್ತಿದ್ದೆ, ಎಳೆಯುವುದು, ಬಿಡುವುದು. ನನ್ನ ಕೂದಲು ಹೀಗಿರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಟಚ್‌ಅಪ್‌ಗೆ ಬನ್ನಿ ಅಂತ ಪಾರ್ಲರ್‌ನಿಂದ ಮೆಸೇಜ್ ಬಂದಾಗ ಇನ್ನು ಮುಂದೆ ಬೇಡ ಅಂತ ಉತ್ತರ ಕಳಿಸಿದೆ.

ಆಮೇಲಿನ ತಿಂಗಳುಗಳು ಕಷ್ಟದವು. ಒಮ್ಮೆ ಹಾಗೆ ನೇರ ಮಾಡಿದ ಕೂದಲು ಮತ್ತೆ ಸುತ್ತಿಕೊಳ್ಳುವುದಿಲ್ಲ. ಹೊಸದಾಗಿ ಬುಡದಿಂದ ಬರುವುದಷ್ಟೇ ಗುಂಗುರು. ಹಾಗಾಗಿ ಕಿವಿಯವರೆಗೆ ಗುಂಗುರು, ಅಲ್ಲಿಂದ ಸೊಂಟದವರೆಗೆ ಕೋಲಿನಂಥ ಕೂದಲು. ಎರಡೂ ಸೇರುವ ಜಾಗ ಬಲಹೀನ. ಬಾಚಣಿಗೆ ಅಲ್ಲಿಗೆ ಬಂದರೆ ಟಪ್ ಅಂತ ತುಂಡಾಗುತ್ತಿತ್ತು. ಜಡೆ ಹಾಕಿದರೆ ಮೇಲೆ ದಪ್ಪ, ಕೆಳಗೆ ಇಲಿ ಬಾಲ. ರಾತ್ರಿ ಹಳೆ ಕಾಟನ್ ಸೀರೆಯ ಚೂರುಗಳಿಗೆ ತುದಿಗಳನ್ನು ಸುತ್ತಿ ಕಟ್ಟಿ ಮಲಗುತ್ತಿದ್ದೆ. ಬೆಳಿಗ್ಗೆ ಬಿಚ್ಚಿದಾಗ ಎಲ್ಲ ಒಂದೇ ತರ ಕಾಣುತ್ತಿತ್ತು. ಬೆಂಗಳೂರಿನ ಮಧ್ಯಾಹ್ನದ ಮಳೆಗೆ ಅದೂ ಇಳಿದುಹೋಗುತ್ತಿತ್ತು.

ಇರುವುದು ಎರಡೇ ದಾರಿ. ಸ್ವಲ್ಪ ಸ್ವಲ್ಪವೇ ತುದಿ ತೆಗೆಯುತ್ತಾ ವರ್ಷಗಟ್ಟಲೆ ಕಾಯಬೇಕು, ಇಲ್ಲವೇ ನೇರ ಕೂದಲನ್ನೆಲ್ಲ ಒಂದೇ ಸಲ ಕತ್ತರಿಸಬೇಕು. ನಾನು ಎರಡನೆಯದನ್ನು ಆರಿಸಿಕೊಂಡೆ. ಆರೆಂಟು ತಿಂಗಳ ಗುಂಗುರು ಕೈಯಲ್ಲಿತ್ತು. ಒಣಗಿದಾಗ ಅದು ಕಿವಿಯ ತುದಿಗೂ ಬರುತ್ತಿರಲಿಲ್ಲ. ಸೊಂಟದ ಕೂದಲಿನಿಂದ ನೇರ ಅಲ್ಲಿಗೆ.

ಮನೆ ಹತ್ತಿರದ ಪಾರ್ಲರ್‌ಗೆ ಹೋಗಿ ಹೇಳಿದಾಗ ಆ ಹುಡುಗಿ ಕತ್ತರಿ ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟಳು. "ಮೇಡಂ, ಮನೇಲಿ ಕೇಳಿದೀರಾ?" ಅಂದಳು. ಹೂಂ ಅಂದೆ. "ಸರ್ ಒಪ್ಪಿದ್ರಾ?" ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆಂಡತಿಯ ಕೂದಲು ಕತ್ತರಿಸಿದ್ದಕ್ಕೆ ಗಂಡ ಬಂದು ಅಂಗಡಿ ಮುಂದೆ ಜಗಳ ತೆಗೆದದ್ದನ್ನು ಅವಳು ಕಂಡಿದ್ದಳಂತೆ. ಏಳೆಂಟು ಸಾವಿರ ಕೊಟ್ಟು ಕೂದಲಿನ ಗುಣವನ್ನೇ ಬದಲಿಸುವಾಗ ಯಾರ ಒಪ್ಪಿಗೆಯನ್ನೂ ಯಾರೂ ಕೇಳಿರಲಿಲ್ಲ. ಉದ್ದ ತೆಗೆಯುತ್ತೇನೆ ಅಂದಾಗ ಗಂಡನ ಒಪ್ಪಿಗೆ ಬೇಕಾಯಿತು. ಅವತ್ತು ಅವಳು ಭುಜದವರೆಗೆ ಮಾತ್ರ ಕತ್ತರಿಸಲು ಒಪ್ಪಿದಳು. ಉಳಿದದ್ದನ್ನು ಬೇರೊಬ್ಬರ ಹತ್ತಿರ ಮಾಡಿಸಿದೆ. ಅವರು ಗುಂಗುರು ಕೂದಲನ್ನೇ ಹೆಚ್ಚಾಗಿ ಕತ್ತರಿಸುವವರು. ನೀರು ಹಾಕದೆ, ಒಣಗಿದ ಕೂದಲಿನ ಒಂದೊಂದು ಸುರುಳಿಯನ್ನೂ ಬೇರೆ ಬೇರೆಯಾಗಿ ಹಿಡಿದು, ಅದು ಎಲ್ಲಿ ಕೂರುತ್ತದೆ ನೋಡಿ, ಆಮೇಲೆ ಕತ್ತರಿ ಹಾಕಿದರು. ತಲೆ ಹಗುರಾಯಿತು. ಕತ್ತಿನ ಹಿಂದೆ ಗಾಳಿ ತಾಗಿದ್ದು ಎಷ್ಟು ವರ್ಷದ ನಂತರವೋ.

ಊರಿಗೆ ಹೋದಾಗ ಶುರುವಾಯಿತು. ದೇವರ ಕಾರ್ಯ, ನೆಂಟರೆಲ್ಲ ಸೇರಿದ್ದರು. "ಹರಕೆನಾ? ಧರ್ಮಸ್ಥಳಕ್ಕಾ, ತಿರುಪತಿಗಾ?" ಅಂತ ಒಬ್ಬರು. ಅಲ್ಲ ಅಂದರೆ ದನಿ ತಗ್ಗಿಸಿ "ಏನಾದ್ರೂ ಕಾಯಿಲೆಯಾ?" ಅಂತ ಇನ್ನೊಬ್ಬರು. ಎರಡೂ ಅಲ್ಲ ಅಂದ ಮೇಲೆ ಅವರಿಗೆ ಕೇಳಲು ಬೇರೇನೂ ಉಳಿಯಲಿಲ್ಲ. ದೇವರಿಗೆ ಮುಡಿ ಕೊಟ್ಟಿದ್ದರೆ ಸರಿ, ಕಾಯಿಲೆಯಾದರೆ ಅಯ್ಯೋ ಪಾಪ. ನನ್ನ ಇಷ್ಟ ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಮೂರನೆಯ ಕಾರಣ ಒಂದಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮುತ್ತಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಸಾಯುವವರೆಗೂ ಬೋಳಿಸಿದ ತಲೆ, ಕೆಂಪು ಸೀರೆ, ಸೆರಗು ಹಣೆಯವರೆಗೆ. ಕ್ಷೌರಿಕ ಬರುವ ದಿನ ಅವಳು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ನಮ್ಮ ಮನೆಯ ಹೆಂಗಸರ ತಲೆಯ ಮೇಲೆ ಕೂದಲು ಎಷ್ಟಿರಬೇಕು ಅನ್ನುವುದನ್ನು ಬೇರೆಯವರು ತೀರ್ಮಾನ ಮಾಡುವುದು ಹೊಸದೇನಲ್ಲ. ಹಾಗಾಗಿಯೇ ಆ ಪ್ರಶ್ನೆಗಳನ್ನು ಸುಮ್ನೆ ಕುತೂಹಲ ಅಂತ ಬಿಡಲು ನನ್ನಿಂದ ಆಗಲಿಲ್ಲ.

ಅತ್ತೆ ಕೆಟ್ಟವರಲ್ಲ. ಒಳಗೆ ಕರೆದು, "ಕ್ಯಾನ್ಸರ್‌ನವರಿಗೆ ಕೊಟ್ಟೆ ಅಂತ ಹೇಳಿಬಿಡು, ಯಾರೂ ಏನೂ ಅನ್ನಲ್ಲ" ಅಂದರು. ಹಾಗೆ ಕೊಡುವವರ ಬಗ್ಗೆ ನನಗೆ ಅಪಾರ ಗೌರವವಿದೆ. ತ್ರಿಶೂರಿನ ಪೊಲೀಸ್ ಅಧಿಕಾರಿ ಅಪರ್ಣಾ ಲವಕುಮಾರ್ 2019ರಲ್ಲಿ ಕ್ಯಾನ್ಸರ್ ರೋಗಿಗಳ ವಿಗ್‌ಗಾಗಿ ಪೂರ್ತಿ ತಲೆ ಬೋಳಿಸಿಕೊಂಡರು. ಆದರೆ ನನ್ನದು ಕೆಮಿಕಲ್ ತಿಂದ ಕೂದಲು, ಅಂಥದ್ದನ್ನು ಕೆಲವು ಸಂಸ್ಥೆಗಳು ತೆಗೆದುಕೊಳ್ಳುವುದೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮಾಡದ ಪುಣ್ಯದ ಹೆಸರು ಹೇಳಿ ನನ್ನ ತಲೆಗೆ ಅನುಮತಿ ಪಡೆಯುವುದು ನನಗೆ ಬೇಕಿರಲಿಲ್ಲ. "ಇಲ್ಲತ್ತೆ, ನಂಗೆ ಬೇಕು ಅನ್ನಿಸ್ತು, ಕತ್ತರಿಸಿದೆ ಅಂತಲೇ ಹೇಳ್ತೀನಿ" ಅಂದೆ. ಅವರು ಸುಮ್ಮನಾದರು. ಸಂಜೆ ಅವರೇ ಒಬ್ಬರಿಗೆ "ಅವಳ ಕೂದಲು, ಅವಳು ಕತ್ತರಿಸಿದಳು" ಅಂತ ಹೇಳಿದ್ದು ಅಡುಗೆಮನೆಯಿಂದ ಕೇಳಿಸಿತು.

ಅವತ್ತು ಚೆನ್ನಾಗಿ ಮಾತಾಡಿದ್ದು ದೊಡ್ಡಮ್ಮ. ಅವರು ಶಿವಮೊಗ್ಗದಲ್ಲಿ ಕಾಲೇಜು ಓದಿದವರು. 1960ರ ಹೊತ್ತಿಗೆ ಹಿಂದಿ ನಟಿ ಸಾಧನಾ ಅವರ ಅಗಲ ಹಣೆ ಮರೆಯಾಗಲಿ ಅಂತ ಮುಂಗೂದಲನ್ನು ಗಿಡ್ಡ ಕತ್ತರಿಸಿ ಹಣೆ ಮೇಲೆ ಬಿಟ್ಟಿದ್ದರು, ಹಾಲಿವುಡ್‌ನ ಆಡ್ರಿ ಹೆಪ್‌ಬರ್ನ್ ಹಾಗೆ. ಅದೇ ಸಾಧನಾ ಕಟ್ ಆಗಿ ದೇಶದ ತುಂಬ ಹರಡಿತು. ಆಮೇಲೆ ಎಷ್ಟೋ ವರ್ಷ ಅದು ಹೋಗಲೇ ಇಲ್ಲ. ದೊಡ್ಡಮ್ಮ ಹಾಸ್ಟೆಲ್ಲಿನಲ್ಲಿ ಕತ್ತರಿಸಿಕೊಂಡು, ಊರಿಗೆ ಬರುವಾಗ ಎಣ್ಣೆ ಹಚ್ಚಿ ಪಿನ್ನು ಹಾಕಿ ಮುಚ್ಚಿಡುತ್ತಿದ್ದರಂತೆ. "ಹಣೆ ಮೇಲೆ ಕೂದಲು ಇಲ್ಲದವಳನ್ನ ಹಾಸ್ಟೆಲ್ಲಲ್ಲಿ ಹಳ್ಳಿಯವಳು ಅಂತಿದ್ರು, ಇದ್ದವಳನ್ನ ಊರಲ್ಲಿ ಕೆಟ್ಟವಳು ಅಂತಿದ್ರು" ಅಂದರು. ನನ್ನ ಅನುಭವವೂ ಅದೇ. ಗಿಡ್ಡ ಕೂದಲಿನ ಕಾಲ ಬಂದರೂ ಎಲ್ಲರಿಗೂ ಒಂದೇ ತರದ ಗಿಡ್ಡ ಇರಬೇಕು. ಬಾಬ್ ಕಟ್, ಸ್ಟೆಪ್ ಕಟ್, ಈಗಿನ ಲೇಯರ್, ಯಾವುದರಲ್ಲೂ ನನ್ನಂಥ ಕೂದಲಿಗೆ ಜಾಗ ಇರಲಿಲ್ಲ.

ಆಫೀಸಿನಲ್ಲಿ ಮಾತು ಬೇರೆ ತರ. "ಸ್ವಲ್ಪ ಪ್ರೊಫೆಷನಲ್ ಆಗಿ ಕಾಣಬೇಕಲ್ವಾ, ಎಷ್ಟು ಚೆನ್ನಾಗಿತ್ತು ಮೊದಲು" ಅಂದರು ನನ್ನ ಮೇಲಿನವರು. ನಿಯಮ ತೋರಿಸಿ ಅಂದೆ. ನೀಟಾಗಿರಬೇಕು ಅಂತಷ್ಟೇ ಇತ್ತು. ತೊಳೆದು, ಸಿಕ್ಕು ಬಿಡಿಸಿ, ಮುಖದ ಮೇಲೆ ಬೀಳದ ಹಾಗೆ ಇಟ್ಟುಕೊಂಡ ಕೂದಲು ಯಾಕೆ ನೀಟಲ್ಲ ಅಂತ ಮೇಲ್‌ನಲ್ಲಿ ಬರೆದು ಕೇಳಿದೆ. ಉತ್ತರ ಬರಲಿಲ್ಲ, ಮಾತೂ ನಿಂತಿತು. ಆ ಮೇಲ್ ಬರೆಯುವ ಮುಂಚೆ ಓದಿಕೊಂಡಿದ್ದೆ. ಅಮೆರಿಕದ ಕ್ಯಾಲಿಫೋರ್ನಿಯಾ 2019ರಲ್ಲಿ ಕ್ರೌನ್ ಆಕ್ಟ್ ಅನ್ನುವ ಕಾಯ್ದೆ ತಂದಿತು. ಹುಟ್ಟಿನಿಂದ ಬಂದ ಕೂದಲಿನ ಗುಣಕ್ಕಾಗಿ, ಅದಕ್ಕೆ ಹೊಂದುವ ಜಡೆಗಳಿಗಾಗಿ, ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಯಾರನ್ನೂ ಕೀಳಾಗಿ ಕಾಣುವಂತಿಲ್ಲ ಅನ್ನುತ್ತದೆ ಅದು. ಅಲ್ಲಿನ ಕಪ್ಪು ಜನ, ಅದರಲ್ಲೂ ಹೆಂಗಸರು, ತಲೆಮಾರುಗಳಿಂದ ಅನುಭವಿಸಿದ್ದರಿಂದ ಹುಟ್ಟಿದ ಕಾಯ್ದೆ. ಅವರು ಪಟ್ಟ ಪಾಡನ್ನು ನನ್ನದರ ಪಕ್ಕ ಇಡುವ ಹಾಗಿಲ್ಲ. ಆದರೂ, ಇದು ಕೇಳಬಹುದಾದ ಪ್ರಶ್ನೆ ಅನ್ನುವ ಧೈರ್ಯ ನನಗೆ ಅಲ್ಲಿಂದ ಬಂತು.

ಇನ್ನು ಕೂದಲು ನೋಡಿಕೊಳ್ಳುವ ವಿಷಯ. ಅಗಸೆ ಬೀಜದ ಜೆಲ್ ಈಗ ಗುಂಗುರು ಕೂದಲಿನವರ ಮನೆಮನೆಯಲ್ಲೂ ಇದೆ. ಎರಡು ಚಮಚ ಅಗಸೆ ಬೀಜಕ್ಕೆ ಎರಡು ಲೋಟ ನೀರು. ಸಣ್ಣ ಉರಿಯಲ್ಲಿ ಕುದಿಸುತ್ತಾ ಚಮಚ ಆಡಿಸುತ್ತಿರಬೇಕು. ಮೊದಲು ಬರೀ ನೀರು. ಆಮೇಲೆ ನೊರೆ. ಚಮಚ ಎತ್ತಿದಾಗ ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಇಳಿಯಲು ಶುರುವಾದ ಕೂಡಲೇ ಒಲೆ ಆರಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಿದರೆ ಗಟ್ಟಿಯಾಗಿ ಬಟ್ಟೆಯಿಂದ ಇಳಿಯುವುದೇ ಇಲ್ಲ. ಫ್ರಿಜ್‌ನಲ್ಲಿಟ್ಟರೆ ಒಂದು ವಾರಕ್ಕೆ ಸಾಕು. ನೀರು ತೊಟ್ಟಿಕ್ಕುತ್ತಿರುವ ಕೂದಲಿಗೇ ಅದನ್ನು ಹಚ್ಚಿ, ಕೈಯಲ್ಲಿ ತುದಿಯಿಂದ ಬುಡದ ಕಡೆಗೆ ಹಿಸುಕಬೇಕು. ಟರ್ಕಿ ಟವೆಲ್ ಬೇಡ, ಹಳೆಯ ಮೆತ್ತನೆ ಪಂಚೆ ಸಾಕು. ಒಣಗುವವರೆಗೂ ಮುಟ್ಟಬಾರದು. ಒಣಗಿದ ಮೇಲೆ ಬಾಚಣಿಗೆ ಹಾಕಲೇಬಾರದು. ಸಿಕ್ಕು ಬಿಡಿಸುವುದೆಲ್ಲ ಒದ್ದೆಯಲ್ಲೇ, ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಶುರುಮಾಡಿ.

ಇದನ್ನು ಮಾಡುವಾಗ ಅಜ್ಜಿಯ ಗೊಂಪು ನೆನಪಾಯಿತು. ನಮ್ಮ ಕಡೆ ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ಹಿಂಡಿ ತೆಗೆಯುವ ಹಸಿರು ಲೋಳೆಗೆ ಗೊಂಪು ಅನ್ನುತ್ತಾರೆ. ಅಜ್ಜಿ ಎಣ್ಣೆಸ್ನಾನದ ದಿನ ಅದನ್ನು ಬಟ್ಟಲು ತುಂಬ ತಂದು ನನ್ನ ತಲೆಗೆ ಹಚ್ಚಿ, ಬೆರಳಲ್ಲೇ ಸಿಕ್ಕು ಬಿಡಿಸುತ್ತಿದ್ದಳು. ಒಂದೂ ಕೂದಲು ತುಂಡಾಗುತ್ತಿರಲಿಲ್ಲ. ಗುಂಗುರು ಕೂದಲಿಗೆ ಬೇಕಾದದ್ದು ಎಳೆಗಳ ನಡುವೆ ಜಾರುವ ಗುಣ. ಅದು ಗೊಂಪಿನಲ್ಲೂ ಇದೆ, ಅಗಸೆಯಲ್ಲೂ ಇದೆ. ಈಗ ಬಾಲ್ಕನಿಯ ಕುಂಡದಲ್ಲಿ ಒಂದು ದಾಸವಾಳ ಇಟ್ಟಿದ್ದೇನೆ. ಬೋರ್‌ವೆಲ್ಲಿನ ಗಡಸು ನೀರಿಗೆ ಅಗಸೆಗಿಂತ ಗೊಂಪೇ ನನಗೆ ಚೆನ್ನಾಗಿ ಹೊಂದಿದೆ.

ಈಗ ನನ್ನ ಕೂದಲು ಒದ್ದೆಯಲ್ಲಿ ಬೆನ್ನಿಗೆ, ಒಣಗಿದಾಗ ಗದ್ದದಿಂದ ಸ್ವಲ್ಪ ಕೆಳಗೆ ಬರುತ್ತದೆ. ಬೆಳೆಸುತ್ತೀಯಾ ಅಂತ ಕೇಳುವವರಿಗೆ ಇನ್ನೂ ಯೋಚಿಸಿಲ್ಲ ಅಂತಲೇ ಹೇಳುತ್ತೇನೆ. ಈ ದಾರಿಗೆ ಹೊರಟವರು ನನ್ನನ್ನು ಕೇಳುವುದು ಹೆಚ್ಚಾಗಿ ಕತ್ತರಿಸುವ ಬಗ್ಗೆ, ಹಾಗಾಗಿ ಅದನ್ನು ಹೇಳುತ್ತೇನೆ. ಗುಂಗುರು ಕೂದಲು ಕತ್ತರಿಸಿ ಅಭ್ಯಾಸ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಒಣಗಿಸಿಕೊಂಡೇ ಹೋಗಿ, ಒದ್ದೆ ಮಾಡದೆ ಕತ್ತರಿಸಿ ಅನ್ನಿ. ಒದ್ದೆಯಲ್ಲಿ ಭುಜದ ಲೆಕ್ಕಕ್ಕೆ ಕತ್ತರಿಸಿದರೆ ಒಣಗಿದ ಮೇಲೆ ಅದು ಕಿವಿಗೆ ಏರುತ್ತದೆ. ಒಂದೇ ಸಲ ಪೂರ್ತಿ ತೆಗೆಯುವ ಧೈರ್ಯ ಬಾರದಿದ್ದರೆ ಭುಜದವರೆಗೆ ಮೊದಲು ತೆಗೆಸಿ, ಇನ್ನೊಂದೆರಡು ತಿಂಗಳು ಬುಡ ಬೆಳೆಯಲಿ, ಆಮೇಲೆ ಉಳಿದದ್ದು. ಕೊನೆಯಲ್ಲಿ ಐರನ್ ಹಿಡಿದು "ಒಂದ್ಸಲ ಸೆಟ್ ಮಾಡಿಕೊಡ್ಲಾ ಮೇಡಂ" ಅಂತ ಬರುತ್ತಾರೆ. ಬೇಡ ಅನ್ನಿ.